ಗವಂತಿಯ ದಾರಿ ಹಿಡಿದು: ಧಾರವಾಡದ ವಿನ್ಯಾಸ ತರಗತಿಯಲ್ಲೊಂದು ಸಂಶೋಧನೆ

ಧಾರವಾಡದಲ್ಲಿ ವಿನ್ಯಾಸ ಕಲಿಸುತ್ತೇನೆ. ಸಂಶೋಧನೆಗೆ ಕಸೂತಿ ಆರಿಸಿಕೊಂಡಾಗ ಮಾರ್ಗದರ್ಶಕರು ಕೇಳಿದರು: "ಕಸೂತಿ ಬಗ್ಗೆ ಬರೀತೀರೋ, ಕಸೂತಿ ಹಾಕುತ್ತಾ ಹುಡುಕ್ತೀರೋ?" ಕಲೆಯ ಕುರಿತ ಸಂಶೋಧನೆ, ಕಲೆಯ ಮೂಲಕ ನಡೆಯುವ ಸಂಶೋಧನೆ ಎಂದು ಬ್ರಿಟನ್ನಿನ ಕಲಾ ಶಿಕ್ಷಣತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಬೇರ್ಪಡಿಸಿದ್ದರು; ನಾನು ಆರಿಸಿಕೊಂಡಿದ್ದು ಎರಡನೆಯದನ್ನು.

ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ, ಕಸೂತಿಯ ಈ ನಾಲ್ಕೂ ಹೊಲಿಗೆಗಳನ್ನು ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿಯೇ ಹಾಕಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಗವಂತಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ನನಗೆ ಕಲಿಸಿದ ಅವ್ವ ಹೇಳಿದ್ದು: "ಮೊದಲ ತಿರುಗಿ ಬರೂ ದಾರಿ ನೋಡ್ಕೋರಿ ಅಕ್ಕಾರ, ಆಮ್ಯಾಲ ಸೂಜಿ ಚುಚ್ರಿ." ಗೋಪುರದ ಚಿತ್ತಾರ ಹಾಕುವಾಗ ಅದರ ಪ್ರತಿ ಕವಲಿಗೂ ಹೋಗಿ, ಅದೇ ಗೆರೆಯ ಮೇಲೆ ಮರಳಿದಾಗ ಸೂಜಿ ಹೊರಟಲ್ಲಿಗೇ ಬರುತ್ತದೆ. ನನ್ನ ಪ್ರಶ್ನೆ ಮೊನಚಾದದ್ದು ಇಲ್ಲೇ: ಕಸೂತಿಯನ್ನು ಚಿತ್ರದ ಬದಲು ದಾರಿಯಾಗಿ ಕಲಿಸಿದರೆ ವಿದ್ಯಾರ್ಥಿಗಳು ಹೇಗೆ ವಿನ್ಯಾಸ ಮಾಡುತ್ತಾರೆ?

ದಾಖಲೆಯೇ ಈ ಸಂಶೋಧನೆಯ ಜೀವ. ಸೀರೆಗೆ ಚೆಂದದ ಕಸೂತಿ ಹಾಕಿ ಪ್ರದರ್ಶನ ಇಟ್ಟ ಮಾತ್ರಕ್ಕೆ ಅದು ಸಂಶೋಧನೆ ಆಗುವುದಿಲ್ಲ. ಇನ್ನೊಬ್ಬರು ಪರೀಕ್ಷಿಸಬಲ್ಲ ತಿಳಿವು ಹೊರಬರಬೇಕು. ಸೂಜಿ ಎಲ್ಲಿ ನಿಂತಿತೋ ಅಲ್ಲೇ, ಏಕೆ ನಿಂತಿತೆಂದು ಮೊಬೈಲಿನಲ್ಲಿ ಮಾತು ಮುದ್ರಿಸಿದೆ. ಸಂಜೆ ನೆನೆದು ಬರೆದರೆ ತಡವರಿಕೆಯೆಲ್ಲ ಅಳಿಸಿ, ಮೊದಲೇ ಎಲ್ಲ ಗೊತ್ತಿದ್ದಂತೆ ಕಾಣುತ್ತದೆ. ಬಿಚ್ಚಿದ ತುಂಡು, ಅರ್ಧಕ್ಕೆ ಬಿಟ್ಟ ತುಂಡು ಎಲ್ಲಕ್ಕೂ ದಿನಾಂಕದ ಚೀಟಿ ಹಚ್ಚಿ, ಮುಂಬದಿ ಹಿಂಬದಿ ಎರಡರ ಫೋಟೊ ಇಟ್ಟೆ. ಟಿಪ್ಪಣಿಗಳನ್ನು ಅವ್ವನಿಗೆ ಓದಿ ಹೇಳಿದೆ; ಅವರು ತಿದ್ದಿದ್ದನ್ನು ಅವರ ಹೆಸರಿನಲ್ಲೇ ಪ್ರಬಂಧಕ್ಕೆ ಸೇರಿಸಿದೆ. ಕುಶಲಕರ್ಮಿಯನ್ನು ಬರೀ 'ಮಾಹಿತಿದಾರರು' ಎಂದು ಬರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ.

ತರಗತಿಯಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಕಂಪ್ಯೂಟರಿನ ಚೌಕದ ಮೇಲೆ ಬರೆದ ಗೋಪುರ ಬಟ್ಟೆಗೆ ಬಂದಾಗ ಎತ್ತರ ಬೆಳೆಯುತ್ತಿತ್ತು. ಇಂಚಿಗೆ ಹಾಸು (ಉದ್ದಕ್ಕೆ ಹೋಗುವ ನೂಲು) 60, ಹೊಕ್ಕು (ಅಡ್ಡಕ್ಕೆ ಹೋಗುವ ನೂಲು) 48 ಎಳೆ ಇದ್ದರೆ, ಅಷ್ಟೇ ಎಳೆ ಎಣಿಸಿ ಹಾಕಿದ ನಿಲುಗೆರೆ ಅಡ್ಡಗೆರೆಗಿಂತ ಕಾಲು ಭಾಗ ಉದ್ದವಾಗುತ್ತದೆ. ಪರದೆಯ ಚೌಕ ಇದನ್ನು ತಾನಾಗಿ ಹೇಳುವುದಿಲ್ಲ. ಕೈಮಗ್ಗದ ಖಾದಿಯಲ್ಲಂತೂ ನೂಲಿನ ದಪ್ಪವೇ ಏರುಪೇರು.

ಈಗ ನನ್ನ ವಿದ್ಯಾರ್ಥಿಗಳು ಮೊದಲು ಎಳೆ ಎಣಿಸಿ, ಆ ಬಟ್ಟೆಯ ಅಳತೆಗೆ ಹೊಂದುವ ಚೌಕದ ಹಾಳೆಯನ್ನು ತಾವೇ ಹಾಕಿಕೊಳ್ಳುತ್ತಾರೆ. ಸೂಜಿಯ ದಾರಿಗೆ ಬಾಣದ ಗುರುತಿಟ್ಟು, ಹಾಳೆಯನ್ನು ಪಕ್ಕದವರಿಗೆ ಕೊಡುತ್ತಾರೆ. ಅವರು ಅದನ್ನಷ್ಟೇ ನೋಡಿ ಹೊಲಿಯಬೇಕು. ಅಂಕ ಹಾಕುವಾಗ ಬಟ್ಟೆಯ ಹಿಂಬದಿಯನ್ನೂ ನೋಡುತ್ತೇನೆ.