ಚಳಿಗೆ ಬಟ್ಟೆ ಕೊಳ್ಳುವ ಮುನ್ನ: ಚಿಕ್ಕಬಳ್ಳಾಪುರಕ್ಕೆ ಹೊಸದಾಗಿ ಬಂದವರಿಗೆ

ರಾಯಚೂರು, ಕಲಬುರಗಿ, ಮಂಗಳೂರು ಕಡೆಯಿಂದ ವರ್ಗವಾಗಿ ಬಂದವರು ಮೊದಲ ಚಳಿಗಾಲದಲ್ಲಿ ಮಾಡುವ ತಪ್ಪು ಒಂದೇ. ದಪ್ಪನೆಯ ಜಾಕೆಟ್ ಒಂದನ್ನು ತಂದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಊರು 900 ಮೀಟರಿಗೂ ಎತ್ತರದಲ್ಲಿದೆ, ಪಕ್ಕದಲ್ಲೇ 1,478 ಮೀಟರಿನ ನಂದಿಬೆಟ್ಟ. ಬೆಳಿಗ್ಗೆ ಮಂಜು, ಮಧ್ಯಾಹ್ನ ಬೆವರು. ಆ ಜಾಕೆಟ್ ಹನ್ನೆರಡು ಗಂಟೆಗೆ ಕೈಗೆ ಭಾರ. ತೆಳ್ಳನೆಯವು ಎರಡು ಇರಲಿ: ಒಳಗೆ ಮೈಗಂಟುವ ಥರ್ಮಲ್, ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್. ಸ್ಕೂಟರಿನವರಿಗೆ ಇಷ್ಟು ಸಾಲದು. ಹೆಣಿಗೆಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ಸ್ವೆಟರಿನ ಮೇಲೊಂದು ವಿಂಡ್‌ಚೀಟರ್ ಬೇಕೇ ಬೇಕು.

ಯಾವಾಗ, ಎಲ್ಲಿ

ದೀಪಾವಳಿ ಆಸುಪಾಸಿನಲ್ಲೇ ಕೊಳ್ಳಿ. ಸಂಕ್ರಾಂತಿಗೆ ಹೋದರೆ ಉಳಿದಿರುವುದು ತೀರಾ ಚಿಕ್ಕದು, ತೀರಾ ದೊಡ್ಡದು. ಬಿ.ಬಿ. ರಸ್ತೆಯ ಅಂಗಡಿಗಳಲ್ಲಿ ತೆಲುಗು ಕಿವಿಗೆ ಬಿದ್ದೊಡನೆ ಹಿಂದಿಗೆ ಜಾರುತ್ತೀರಲ್ಲ, ಅದು ಬೇಡ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಚೌಕಾಸಿ ಮಾಡಿ.

ಉಣ್ಣೆಯೋ ಅಲ್ಲವೋ

ಅಂಗಡಿಯವರು ಹೆಣೆದದ್ದನ್ನೆಲ್ಲ ಉಲನ್ ಅನ್ನುತ್ತಾರೆ. ಬಹುಪಾಲು ಅಕ್ರಿಲಿಕ್, ಅಂದರೆ ಕೃತಕ ನೂಲು. ಒಳಪಟ್ಟಿಯ ಚೀಟಿ ಓದಿ. ಸಂಶಯವಿದ್ದರೆ ಮನೆಗೆ ತಂದಮೇಲೆ ಒಳಹೊಲಿಗೆಯಿಂದ ಒಂದೆಳೆ ನೂಲು ಕಿತ್ತು, ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಅಗ್ಗ, ಒಗೆಯಲು ಸುಲಭ. ಆದರೆ ಅದನ್ನು ತೊಟ್ಟು ಒಲೆ ಮುಂದೆ ನಿಲ್ಲಬೇಡಿ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಮಣಿಕಟ್ಟಿನ ಪಟ್ಟಿಯನ್ನು ಎಳೆದು ಬಿಡಿ: ಥಟ್ಟನೆ ಮರಳದಿದ್ದರೆ ಎರಡೇ ತಿಂಗಳಿಗೆ ಜೋತುಬೀಳುತ್ತದೆ.

ಮಕ್ಕಳಿಗೆ

- ತೋಳು ಎರಡಿಂಚು ಉದ್ದ, ಮಡಚಿ ಹಾಕಿ
- ಕಾಲುಚೀಲ ಮೂರು ಜೊತೆ
- ಕತ್ತಿನ ದಾರವಿರುವ ಟೋಪಿ ಬೇಡ
- ಶಾಲೆಯ ಬಣ್ಣ ಕೇಳಿಕೊಂಡು ಕೊಳ್ಳಿ

ಎಳೆಗೂಸಿಗೆ ಅಜ್ಜಿ ಹೇಳಿದರೆಂದು ನಾಲ್ಕು ಪದರ ಸುತ್ತಬೇಡಿ. ಕತ್ತಿನ ಹಿಂದೆ ಕೈಯಿಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಲಗಿಸುವಾಗ ಟೋಪಿಯೂ ಬೇಡ.

ಕಂಬಳಿ

ನೆಲ ತಣ್ಣಗಿರುತ್ತದೆ, ಹಾಸಲು ಕೈಮಗ್ಗದ ಕರಿ ಕಂಬಳಿಯನ್ನು ಮೀರಿಸುವುದು ಬೇರೊಂದಿಲ್ಲ. ಹೊಸದು ಹಲಗೆಯಂತೆ ಬಿರುಸಾಗಿದ್ದರೆ ಅಂಗಡಿಯವರ ಜೊತೆ ಜಗಳ ಬೇಡ. ನೇಯುವ ಮುಂಚೆ ಮಗ್ಗದಲ್ಲಿ ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಬಳಸಿದಂತೆ ಮೆತ್ತಗಾಗುತ್ತದೆ. ಚುಚ್ಚುತ್ತದೆ ಅನ್ನುವವರು ಮೇಲೊಂದು ಹತ್ತಿ ದುಪ್ಪಟಿ ಹಾಸಿಕೊಳ್ಳಲಿ.

ಒಗೆಯುವುದು

ಇಲ್ಲಿ ಕೇಳಿ, ಹೆಚ್ಚು ಬಟ್ಟೆ ಹಾಳಾಗುವುದು ಬಚ್ಚಲಿನಲ್ಲೇ. ಉಣ್ಣೆಗೆ ಹಂಡೆಯ ಬಿಸಿನೀರು ತಾಗಿಸಬೇಡಿ, ಕಲ್ಲಿಗೆ ಕುಕ್ಕಬೇಡಿ. ಬಿಸಿ ಮತ್ತು ಉಜ್ಜಾಟ ಸೇರಿದರೆ ನೂಲಿನ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಅಪ್ಪನ ಸ್ವೆಟರ್ ಮಗನ ಅಳತೆಗೆ ಇಳಿಯುತ್ತದೆ, ಮತ್ತೆ ಹಿಗ್ಗುವುದಿಲ್ಲ. ತಣ್ಣೀರು, ಸೌಮ್ಯ ದ್ರವ ಸೋಪು, ಐದು ನಿಮಿಷ ಅದ್ದಿ ಅಂಗೈಯಲ್ಲಿ ಒತ್ತಿ. ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆಯಿರಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ, ಚಾಪೆಯ ಮೇಲೆ ನೆರಳಿನಲ್ಲಿ ಹರಡಿ.

ಶಿವರಾತ್ರಿ ಕಳೆದಮೇಲೆ ಒಗೆದು, ಪೂರ್ತಿ ಒಣಗಿಸಿ ಎತ್ತಿಡಿ. ಬೆವರು, ಜಿಡ್ಡು ಉಳಿದಲ್ಲೇ ಹುಳು ತಿನ್ನುವುದು. ನುಸಿಗುಳಿಗೆ ಇಟ್ಟ ಬಟ್ಟೆಯನ್ನು ಮುಂದಿನ ವರ್ಷ ಚೆನ್ನಾಗಿ ಗಾಳಿಗೆ ಹರಡಿಯೇ ತೊಡಿ. ಕೂಸಿನ ಬಟ್ಟೆಗೆ ಮಾತ್ರ ಆ ಗುಳಿಗೆ ಬೇಡವೇ ಬೇಡ.