ಕಾಲುವಿ ಹೂಳಿನ ಕಥಿ ಹೇಳಾಕ ಹೋಗಿ ನಾನೇ ಸಿಕ್ಕಿಬಿದ್ದೆ

ಸಿಂಧನೂರು ತಾಲೂಕಿನ ಒಂದು ಹಳ್ಳಿಯೊಳಗ ಸಿಎಚ್‌ಒ, ಅಂದ್ರ ಸಮುದಾಯ ಆರೋಗ್ಯ ಅಧಿಕಾರಿ ಅದೀನಿ, ಊರವರ ಬಾಯಾಗ ಮಾತ್ರ ಬರೇ ಸಿಸ್ಟರ್. 30 ದಾಟಿದವರ ಬಿಪಿ ಶುಗರ್ ನೋಡೋದು, ಗುಳಿಗಿ ಕೊಡೋದು, ಜಾಸ್ತಿ ಇದ್ರ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಳಸೋದು, ಇದೇ ದಿನಾ ಕೆಲಸ. ಇಷ್ಟು ವರ್ಷ ಮಂದಿಗೆ ಹಾರ್ಟಿನ ಬ್ಲಾಕೇಜ್ ಬ್ಲಾಕೇಜ್ ಅಂತ ಹೇಳಿದಾಕಿಗೆ ಅದು ಅರ್ಧಾನೇ ಗೊತ್ತಿತ್ತು ಅನ್ನೋದು ಒಬ್ಬ ರೈತ ಪ್ರಶ್ನಿ ಕೇಳಿದಾಗ ತಿಳೀತು.

ನಮ್ಮ ಕಡಿ ಎಲ್ಲಾರಿಗೂ ತುಂಗಭದ್ರಾ ಎಡದಂಡೆ ಕಾಲುವಿ ಗೊತ್ತು, ನೀರಿನ ಗೇಜ್ ಇಳೀತಂದ್ರ ಕಾಲುವಿ ಕೊನಿಯ ಟೇಲ್ ಎಂಡ್ ರೈತರು ರೋಡಿಗೆ ಬಂದು ಕುಂದರ್ತಾರ, ಅದಕ್ಕ ನಾನೂ ಅದನ್ನೇ ಹಿಡಕೊಂಡಿದ್ದೆ. ಹಾರ್ಟ್ ಅಂದ್ರ ಪಂಪು, ಆದ್ರ ಊರಿಗೆಲ್ಲ ನೀರು ಬಿಡೋ ಪಂಪಿಗೂ ತನ್ನ ಪಾಲಿನ ರಕ್ತ ಬೇಕಲ್ಲ, ಅದಕ್ಕಂತ ಮೇನ್ ಕಾಲುವಿಯಿಂದ ಎಡಕ್ಕೊಂದು ಬಲಕ್ಕೊಂದು ಡಿಸ್ಟ್ರಿಬ್ಯೂಟರಿ ಹೊಂಟಾವ, ಅದರಾಗ ಕೊಬ್ಬಿನ ಹೂಳು ತುಂಬತೈತಿ, ಕೊನಿಗೆ ಒಂದಿನ ಬಂದ್ ಆಗತೈತಿ, ಅದೇ ಅಟ್ಯಾಕ್. ಮಂದಿ ತಲಿ ಅಲ್ಲಾಡಸ್ತಿದ್ರು, ನನಗೂ ಭಾಳ ಚಂದ ಹೇಳಿದೆ ಅನಸ್ತಿತ್ತು.

ಆಮ್ಯಾಲ ಊರಾಗ ಐವತ್ತರ ಆಸುಪಾಸಿನ ಒಬ್ಬರು ತೀರಿಕೊಂಡ್ರು. 20 ದಿನದ ಹಿಂದ ಎದಿ ಹಿಡದಂಗ ಆಗತೈತಿ ಅಂತ ಒಂದ್ಕಡಿ ಇಸಿಜಿ ಮಾಡಿಸಿದ್ರು, ನಾರ್ಮಲ್ ಅಂದಿದ್ರು. ಅವತ್ತು ರಾತ್ರಿ ಎದಿ ಉರಿ ಶುರು ಆಗೇತಿ, ಮಿರ್ಚಿ ತಿಂದಿದ್ದಕ್ಕ ಗ್ಯಾಸ್ ಅಂತ ಸೋಡಾ ಕುಡಿದಾರ, ಬೆವರು ಬಂದ್ರೂ ಫ್ಯಾನ್ ಹಾಕ್ಕೊಂಡು ಮಲಗ್ಯಾರ. ಮುಂಜಾನಿ ಎದ್ದಿಲ್ಲ.

ಅವರಣ್ಣ, ಊರಿಗೆಲ್ಲ ಕಾಕಾ, ಮುಂದಿನ ತಿಂಗಳು ಬಿಪಿ ಗುಳಿಗಿಗೆ ಬಂದಾಗ ಕುರ್ಚಿ ಮ್ಯಾಲ ಕುಂತು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು:

“ಸಿಸ್ಟರ್ ಬಾಯಿ, ಹೂಳು ಅಂದ್ರ ನನಗ ಗೊತ್ತೈತ್ರಿ. ಹೂಳು ತುಂಬಿದ್ರ ನೀರು ವರ್ಷದಿಂದ ವರ್ಷಕ್ಕ ಕಮ್ಮಿ ಆಗತೈತಿ. ರಾತ್ರೋರಾತ್ರಿ ಹೆಂಗ ಬಂದ್ ಆತು? ಮಿಷಿನ್ನಿನ್ಯಾಗ ಯಾಕ ಕಾಣಲಿಲ್ಲ?”

ನನ್ನ ಹತ್ರ ಉತ್ತರ ಇರಲಿಲ್ಲ. ಟೆನ್ಷನ್ ತಗೋಬ್ಯಾಡ್ರಿ ಕಾಕಾ, ಬಿಪಿ ಏರತೈತಿ ಅಂತ ಏನೋ ಹಾರಿಸಿಬಿಟ್ಟೆ, ಇವತ್ತಿಗೂ ನಾಚಿಕಿ ಆಗತೈತಿ.

ರಾತ್ರಿ ಹಳೇ ನರ್ಸಿಂಗ್ ಪುಸ್ತಕ ತಗದೆ, ಮರುದಿನ ನಮ್ಮ ಪಿಎಚ್‌ಸಿ ಡಾಕ್ಟರ್ (ಎಂಒ) ಸರ್‌ಗೆ ಫೋನ್ ಹಚ್ಚಿದೆ. ಕೊಬ್ಬು ಕೂಡೋದು ರಕ್ತನಾಳದ ಬಾಯಾಗ ಅಲ್ಲ, ಗೋಡಿ ಒಳಗ, ಒಳಗಿನ ತೆಳ್ಳನ ಪದರಿನ ಹಿಂದ. ಅರ್ಧ ಬ್ಲಾಕೂ ಇರದ ಜಾಗದಾಗೂ ಆ ಪದರು ಹರೀತಂದ್ರ, ಗಾಯ ಆಗೇತಿ ಅಂದ್ಕೊಂಡು ರಕ್ತ ಅಲ್ಲೇ ಹೆಪ್ಪುಗಟ್ಟತೈತಿ, ನಿಮಿಷಗಳಾಗ ನಾಳ ಮುಚ್ಚಬಹುದು. ಇಸಿಜಿ ಆ ಹೊತ್ತಿನ್ಯಾಗ ಹಾರ್ಟಿನ ಕರೆಂಟ್ ಹೆಂಗೈತಿ ಅಂತ ಹೇಳತೈತಿ, ಗೋಡಿ ಹಿಂದ ಏನೈತಿ ಅಂತ ಅದಕ್ಕ ಗೊತ್ತಾಗಂಗಿಲ್ಲ.

ಕಾಕಾರ ಮನಿಗೆ ಹೋಗಿ ಇದನ್ನ ಹೇಳಿದೆ. ಅವರು ಅಡಿಕಿ ಕತ್ತರಿಸ್ತಾ ಕೇಳಿ, “ಹಂಗಾದ್ರ ಅದು ಹೂಳಲ್ಲ ಬಿಡ್ರಿ, ಲೈನಿಂಗ್ ಕಿತ್ತಿದ್ದು. ಕಾಲುವಿ ಕಲ್ಲು ಕಿತ್ತು ಬಿದ್ದು ಅದಕ್ಕ ಜಾಲಿಕಂಟಿ, ಕಸ ಎಲ್ಲ ಸಿಕ್ಕೊಂಡು ತೂಬು ಮುಚ್ಚತೈತಲ್ಲ, ಅದು” ಅಂದ್ರು. ನಾನು ಎಷ್ಟು ಓದಿದ್ರೂ ಇಷ್ಟು ಸರಿಯಾಗಿ ಹೇಳಾಕ ಬರತಿದ್ದಿಲ್ಲ.

ಅವತ್ತಿಂದ ಲೈನಿಂಗ್ ಅಂತನೇ ಹೇಳ್ತೀನಿ. ಬಿಪಿ ಅಂದ್ರ ದಿನಾ ಜೋರು ನೀರು ಬಡದು ಲೈನಿಂಗ್ ಸಡಿಲ ಆಗೋದು, ಶುಗರ್ ಬೀಡಿ ಗುಟ್ಕಾ ಅದನ್ನ ಕೆರಿಯೋದು. ಬಿಪಿ ನೋಡೋ ರೀತಿನೂ ಬದಲಿ ಮಾಡಿದೆ, ಮದಲ ಗಿರಣಿಯಿಂದ ಓಡಿ ಬಂದವರಿಗೆ ತೋಳಿನ ಬಟ್ಟಿ ಮ್ಯಾಲನ ಪಟ್ಟಿ ಸುತ್ತಿ ಬರಕೊಂತಿದ್ದೆ, ಈಗ ಐದು ನಿಮಿಷ ಬೆನ್ನು ಆನಿಸಿ ಕೂಡಸ್ತೀನಿ, ಮಾತಿಲ್ಲ ಕಥಿಲ್ಲ, ಕೈ ಎದಿ ಮಟ್ಟಕ್ಕ ಟೇಬಲ್ ಮ್ಯಾಲ, ಎರಡು ಸಲ ನೋಡ್ತೀನಿ. 160 ಇದ್ದದ್ದು 138 ಆಗಿದ್ದೂ ಐತಿ. ಉಪ್ಪಿನ ವಿಷಯ ಮಾತ್ರ ಇನ್ನೂ ಸೋಲ್ತೀನಿ, ದಿನಕ್ಕ ಒಂದು ಟೀ ಚಮಚ ಅಂದ್ರ “ಉಪ್ಪಿನಕಾಯಿ ಬಿಟ್ಟು ರೊಟ್ಟಿ ಹೆಂಗ ಇಳೀತೈತ್ರಿ” ಅಂತಾರ.

ಇನ್ನ ಗ್ಯಾಸ್. ಗ್ಯಾಸ್ ಅಂತ ಬಂದವರಿಗೆ ಮೂರು ಮಾತು ಕೇಳ್ತೀನಿ, ನಡದ್ರ ಜಾಸ್ತಿ ಆಗಿ ನಿಂತ್ರ ಕಮ್ಮಿ ಆಗತೈತೇನು, ತಣ್ಣನ ಬೆವರು ಬಂತೇನು, ಕೈಗೋ ದವಡಿಗೋ ಬೆನ್ನಿಗೋ ಇಳದೈತೇನು. ಒಂದಕ್ಕ ಹೂಂ ಅಂದ್ರೂ ಸೋಡಾ ಬಂದ್, ಇಸಿಜಿ ಇರೋ ಆಸ್ಪತ್ರಿಗೆ ನಡೀರಿ. ಮೂರಕ್ಕೂ ಇಲ್ಲ ಅಂದ್ರೂ ಬಿಡಂಗಿಲ್ಲ, ಅದರಾಗೂ ಶುಗರ್ ಇದ್ದವರಿಗೆ ನೋವೇ ಗೊತ್ತಾಗದ ಇರಬಹುದು.

ಹೋದ ನಾಟಿ ಟೈಮಿನ್ಯಾಗ ಹಂಗೇ ಒಬ್ಬ ಅವ್ವನ್ನ ಗದ್ದಿಯಿಂದ ನೇರ ಕರಕೊಂಡು ಬಂದ್ರು, ಕಾಲಿನ ಕೆಸರು ಇನ್ನೂ ಒಣಗಿದ್ದಿಲ್ಲ. ಎದಿ ನೋವಿಲ್ಲ, ದವಡಿ ನೋವು, ವಾಂತಿ, ಸೀರಿ ಸೆರಗು ಹಿಂಡಿದ್ರ ಬೆವರು. ಶುಗರ್ ಇದ್ದಾಕಿ. ಸರ್‌ಗೆ ಫೋನ್ ಮಾಡಿ ಕೇಳಿ ಆಸ್ಪಿರಿನ್ ಅಗಿಯಾಕ ಕೊಟ್ಟು 108ನ್ಯಾಗ ತಾಲೂಕು ಆಸ್ಪತ್ರಿಗೆ ಕಳಿಸಿದೆ. ಮದಲನೇ ಇಸಿಜಿಯೊಳಗ ಸ್ಪಷ್ಟ ಇದ್ದಿಲ್ಲಂತ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತಗದ್ರ ಎಸ್‌ಟಿ ಅನ್ನೋ ಗೆರಿ ಎದ್ದಿತ್ತು, ಅಂದ್ರ ಅಟ್ಯಾಕೇ. ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಹಾಕಿದ್ರು, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನಿಯೊಳಗ ಅದು ಫ್ರೀ, ಹೊರಗ ಹತ್ತಾರು ಸಾವಿರದ್ದು. ಆಮ್ಯಾಲ ದೊಡ್ಡ ಆಸ್ಪತ್ರಿಯೊಳಗ ನಾಳ ತೆರದಿಡೋ ಜಾಳಿಗಿ, ಅಂದ್ರ ಸ್ಟೆಂಟ್ ಹಾಕಿಸಿಕೊಂಡು ಬಂದಾಳ.

ಮೊನ್ನಿ ಬಂದಿದ್ಲು. ಗುಳಿಗಿ ಸ್ಟ್ರಿಪ್ ತೋರಸವ್ವಾ ಅಂದೆ. 15ರ ಸ್ಟ್ರಿಪ್ಪಿನ್ಯಾಗ ಇನ್ನೂ 11 ಕುಂತಾವ, ಹೊತ್ತಿಗೆ ನುಂಗಿದ್ರ ಆ ಸ್ಟ್ರಿಪ್ ಯಾವಾಗೋ ಖಾಲಿ ಆಗಬೇಕಿತ್ತು. “ಆರಾಮ ಆಗೀನಲ್ಲವ್ವ, ಸ್ಟೆಂಟ್ ಹಾಕ್ಯಾರ, ಹೂಳು ತಗದಾರ, ಇನ್ನ ಗುಳಿಗಿ ಯಾಕ?” ಅಂದ್ಲು. ನಾನೇ ಕಲಿಸಿದ ಮಾತು ನನಗೇ ತಿರುಗಿ ಬಂತು. ಬಾಗಿಲ ಹತ್ರ ಕಾಕಾ ಕುಂತಿದ್ರು. “ಬೇ ತಂಗಿ, ಒಂದು ಕಡಿ ಕಲ್ಲು ಕುಂದರಿಸ್ಯಾರ, ಉಳದ ಕಾಲುವಿ ಹಳೇದೇ ಐತಿ. ಒಂದು ಗುಳಿಗಿ ಲೈನಿಂಗ್ ಗಟ್ಟಿ ಮಾಡಾಕ, ಇನ್ನೆರಡು ಕಸ ಕಟ್ಟಬಾರದಂತ” ಅಂದ್ರು. ಆಕಿ ನನ್ನ ಮುಖ ನೋಡಿದ್ಲು, ನಾನು ನೀರಿನ ಲೋಟ ಮುಂದ ಇಟ್ಟೆ.