ಚರ್ಚಾಪುಟದ ಜಗಳ ಬಗೆಹರಿದ ರೀತಿ

ಕನ್ನಡ ವಿಕಿಪೀಡಿಯದಲ್ಲಿ ಚಿತ್ರದುರ್ಗದ ಕೋಟೆಯ ಲೇಖನವನ್ನು ತಿದ್ದುತ್ತಿದ್ದ ನಮ್ಮೂರಿನ ಇಬ್ಬರು ಸಂಪಾದಕರ ನಡುವೆ, 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಪ್ರಸಂಗಕ್ಕೆ ಯಾವ ಆಕರ ಕೊಡಬೇಕೆಂದು ಲೇಖನದ ಚರ್ಚಾಪುಟದಲ್ಲಿ (ಸಂಪಾದಕರು ಲೇಖನದ ಬಗ್ಗೆ ಚರ್ಚಿಸುವ ಪುಟ) ನಡೆದ ಚರ್ಚೆಯು ವೈಯಕ್ತಿಕ ನಿಂದೆಗೆ ತಿರುಗಿತ್ತು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಒಬ್ಬರು ಮತ್ತೊಬ್ಬರ ಟಿಪ್ಪಣಿಯಲ್ಲಿ ಕಾಗುಣಿತ ತಿದ್ದುವ ನೆಪದಲ್ಲಿ ಒಂದು ಸಾಲನ್ನೇ ಅಳಿಸಿದ್ದರು. ಸಹಿಯಿಲ್ಲದ್ದರಿಂದ ಯಾವ ಮಾತು ಯಾರದೆಂದೂ ತಿಳಿಯುತ್ತಿರಲಿಲ್ಲ.

ನಾನು ಪುಟದ ಇತಿಹಾಸವನ್ನು ತೆರೆದು, ಹಳೆಯ ಆವೃತ್ತಿಗಳನ್ನು ಹೋಲಿಸಿ, ಆ ಸಾಲನ್ನು ಅದರ ಜಾಗದಲ್ಲೇ ಮರಳಿ ಸೇರಿಸಿದೆ. ಪ್ರತಿ ಟಿಪ್ಪಣಿಗೂ ಬರೆದವರ ಬಳಕೆದಾರ ಹೆಸರನ್ನು ನಮೂದಿಸಿದೆ. ಇತರರ ಮಾತಿನಲ್ಲಿ ತಪ್ಪಿದ್ದರೂ ಅದನ್ನು ಮುಟ್ಟಬಾರದೆಂಬುದು ನನ್ನ ದೃಢ ಅಭಿಪ್ರಾಯ. ಬಳಿಕ ಆಕರದ ಪ್ರಶ್ನೆಗಷ್ಟೇ ಹೊಸ ಉಪಶೀರ್ಷಿಕೆ ತೆರೆದು, ನಾಲ್ಕು ಟಿಲ್ಡೆ ಚಿಹ್ನೆ (~~~~) ಹಾಕಿ ಸಹಿ ಮಾಡಬೇಕೆಂದೂ, ತಮ್ಮ ಮಾತನ್ನು ಹಿಂಪಡೆಯುವುದಿದ್ದರೆ ಅಳಿಸದೆ ಅಡ್ಡಗೆರೆ ಎಳೆಯಬೇಕೆಂದೂ ಇಬ್ಬರಿಗೂ ಅವರವರ ಬಳಕೆದಾರ ಚರ್ಚಾಪುಟದಲ್ಲಿ ವಿನಂತಿಸಿದೆ. ಇಬ್ಬರೂ ಒಪ್ಪಿದರು. ಈಗ ಅವರಿಬ್ಬರೂ ಸೂಚಿಸಿದ್ದ ಎರಡೂ ಆಕರಗಳು ಲೇಖನದ ಅಡಿಟಿಪ್ಪಣಿಯಲ್ಲಿವೆ.